ನಮ್ಮ ಮನೆಗೆ ಹಿಡಿಸದ ಲೆನ್ಸ್

ನಮ್ಮ ಮುಂದಿನ ಕೋಣೆಯ ಗೋಡೆಯಲ್ಲೊಂದು ಮೊಳೆಯಿದೆ. ಹಿಂದಿನ ಬಾಡಿಗೆದಾರರು ನಮಗೆ ಬಿಟ್ಟುಹೋದ ಏಕೈಕ ಸ್ಥಿರಾಸ್ತಿ. ನ್ಯಾಯವಾಗಿ ಅದರ ಮೇಲೆ ನಮ್ಮ ಮದುವೆಯ ಫೋಟೊ ರಾರಾಜಿಸಬೇಕಿತ್ತು. ಆದರೆ ಇತ್ತೀಚಿನವರೆಗೂ ಅಲ್ಲಿ ರಾರಾಜಿಸುತ್ತಿದ್ದದ್ದು ನನ್ನ ಛತ್ರಿ. ಕಾರಣವಿಷ್ಟೆ. ಮದುವೆಯ ಆಲ್ಬಮ್ಮಿನ ಮೊದಲ ಪುಟದಿಂದ ಕೊನೆಯ ಪುಟದವರೆಗೆ ನನ್ನ ಹೆಂಡತಿಯ ಕಣ್ಣು ಮುಚ್ಚಿದೆ.

ಫ್ಲ್ಯಾಶ್ ಮಿಂಚುವ ಮೊದಲೇ ಅವಳ ರೆಪ್ಪೆಗಳಿಗೆ ಹೇಗೋ ಸುದ್ದಿ ಮುಟ್ಟಿಬಿಡುತ್ತದೆ. ಯಾರಾದರೂ ‘ರೆಡಿ’ ಎಂದರೆ ಸಾಕು, ಅಂಗಡಿಯ ಷಟರ್ ಎಳೆದ ಹಾಗೆ ಎರಡೂ ಕೆಳಗಿಳಿಯುತ್ತವೆ. ಮೊಬೈಲಿನಲ್ಲಿ ತೆಗೆದರೂ ಅದೇ ಕಥೆ. ಆಲ್ಬಂ ನೋಡಿದ ಬಂಧುಗಳೆಲ್ಲ, “ಪಾಪ, ಮದುವೇಲಿ ತುಂಬ ನಿದ್ದೆಗೆಟ್ಟಿದ್ಯೇನಮ್ಮ?” ಎಂದು ಕೇಳುತ್ತಾರೆ.

“ಕಣ್ಣು ಬಿಟ್ಕೊಂಡಿದ್ದಿದ್ರೆ ಇವರನ್ನ ಒಪ್ತಿದ್ನಾ?” ಎನ್ನುತ್ತಾಳೆ ಅವಳು.

ಎಲ್ಲರೂ ನಗುತ್ತಾರೆ. (ನಾನು ಛತ್ರಿ ನೋಡುತ್ತೇನೆ.) ಆದರೆ ಬಂಧುಗಳು ಹೋದ ಮೇಲೆ ಅವಳು ಒಬ್ಬಳೇ ಕೂತು ಆ ಆಲ್ಬಮ್ಮನ್ನು ಮತ್ತೊಮ್ಮೆ ತಿರುವಿ, ಸದ್ದಿಲ್ಲದೆ ಮುಚ್ಚಿಡುವುದನ್ನು ನೋಡಿದ್ದೇನೆ. ಅಂಥದೊಂದು ಸಂಜೆಯಲ್ಲೇ ನನ್ನ ಬಾಯಿಂದ ಆ ಘೋಷಣೆ ಹೊರಬಿದ್ದದ್ದು.

“ನಾನೊಂದು ದೊಡ್ಡ ಕ್ಯಾಮೆರಾ ತಗೋತೀನಿ. ಡಿಎಸ್ಎಲ್ಆರ್. ಅದರ ಮೊದಲನೇ ಫೋಟೊ ನಿಂದು. ಕಣ್ಣು ತೆರೆದದ್ದು.”

ಅವಳು ಬಟ್ಟೆ ಹೊಲಿಯುವವಳು. ಊರಿನವರ ಸಡಿಲವನ್ನೆಲ್ಲ ಬಿಗಿ ಮಾಡಿ, ಬಿಗಿಯನ್ನೆಲ್ಲ ಸಡಿಲ ಮಾಡಿ ಕೊಡುವುದು ಅವಳ ಕಸುಬು. ಕೊರಳಲ್ಲಿ ಸದಾ ಅಳತೆಯ ಟೇಪು. ಕಾಲಲ್ಲಿ ತುಳಿಯುವ ಯಂತ್ರಕ್ಕೊಂದು ಮೋಟಾರು ಹಾಕಿಸಬೇಕೆಂದು ಅವಳು ಬಿಸ್ಕತ್ತಿನ ಡಬ್ಬದಲ್ಲಿ ಕೂಡಿಡುತ್ತಿದ್ದಳು. ನನ್ನ ಘೋಷಣೆ ಕೇಳಿ ಸ್ವಲ್ಪ ಹೊತ್ತು ಯಂತ್ರ ತುಳಿದಳು. ಆಮೇಲೆ ನಿಲ್ಲಿಸಿ, “ಡಬ್ಬದಲ್ಲಿರೋದಷ್ಟೇ. ಅದರ ಮೇಲೆ ಒಂದು ದಾರದೆಳೆ ಹೆಚ್ಚಿಗೆ ಇಲ್ಲ,” ಎಂದಳು. ಮೋಟಾರಿನ ಮಾತೇ ಎತ್ತಲಿಲ್ಲ. ಅದು ನನಗೆ ಚುಚ್ಚಬೇಕಿತ್ತು. ನಾನು ಆಗಲೇ ಲೆನ್ಸುಗಳ ಲೋಕಕ್ಕೆ ಹೊರಟುಹೋಗಿದ್ದೆ.

ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು. ನಾನು ಹಾಸಿಗೆಯಂಗಡಿಯಲ್ಲಿ ಮಾರಾಟಗಾರ. ಗಿರಾಕಿಗಳು ಚಪ್ಪಲಿ ಕಳಚಿ, ಮಾದರಿ ಹಾಸಿಗೆಯ ಮೇಲೆ ಮಲಗಿ, ಕಣ್ಣು ಮುಚ್ಚಿ ಪರೀಕ್ಷಿಸುತ್ತಾರೆ. ಅವರು ಏಳುವವರೆಗೆ ಪಕ್ಕದಲ್ಲಿ ಕೈಕಟ್ಟಿ ನಿಂತಿರುವುದು ನನ್ನ ಉದ್ಯೋಗ. ಮಧ್ಯಾಹ್ನದ ಹೊತ್ತು, ಫ್ಯಾನಿನ ಗುಂಯ್ ಸದ್ದು, ಪ್ಲಾಸ್ಟಿಕ್ ಹೊದಿಕೆಯ ಮೇಲೆ ನೀರಿನ ಹಾಗೆ ತೂಗುವ ಬೆಳಕು. ಮಲಗಿದವರು ಸುಮ್ಮನೆ ಮಲಗಿರುತ್ತಾರೆ, ಕನಸು ಕಾಣುವವನು ನಿಂತಿರುತ್ತಾನೆ. ಅಂಗಡಿಯ ಯಜಮಾನರು ನನಗೆ ಕಲಿಸಿದ ಮೊದಲ ಪಾಠ ಇದು: ಯಾರು ಎಷ್ಟೇ ದೊಡ್ಡ ಹಾಸಿಗೆ ಕೇಳಲಿ, ಬಿಲ್ಲು ಹಾಕುವ ಮುನ್ನ ‘ಕೋಣೆಯ ಅಳತೆ ತಂದಿದ್ದೀರಾ?’ ಎಂದು ಕೇಳಬೇಕು. ಇಲ್ಲದಿದ್ದರೆ ಹಾಸಿಗೆ ಬಾಗಿಲಲ್ಲಿ ಸಿಕ್ಕಿಕೊಂಡು, ಬೈಗುಳ ನಮ್ಮ ಅಂಗಡಿಯವರೆಗೂ ಬರುತ್ತದೆ. ಈ ಪ್ರಶ್ನೆಯನ್ನು ನಾನು ನಿದ್ದೆಯಲ್ಲೂ ಕೇಳುತ್ತೇನೆಂದು ಹೆಂಡತಿಯ ದೂರಿದೆ.

ಮುಂದಿನ ಕೆಲವು ವಾರ ನಾನು ಅಂತರ್ಜಾಲದ ಕ್ಯಾಮೆರಾ ಪಂಡಿತರ ಪಾದಮೂಲದಲ್ಲಿ ಕಳೆದೆ. ಅವರಲ್ಲಿ ಒಬ್ಬರಿಗೊಬ್ಬರು ಆಗುವುದಿಲ್ಲ. ಕ್ಯಾಮೆರಾ ಯಾವುದಾದರೇನು, ಹಣವನ್ನೆಲ್ಲ ಲೆನ್ಸಿಗೆ ಸುರಿ ಎಂದು ಒಬ್ಬರೆಂದರೆ, ಕ್ಯಾಮೆರಾ ಕಳಪೆಯಾದ ಮೇಲೆ ಲೆನ್ಸ್ ಏನು ಉಪ್ಪಿನಕಾಯಿಗೇ ಎಂದು ಇನ್ನೊಬ್ಬರು. ಒಂದು ವಿಷಯದಲ್ಲಿ ಮಾತ್ರ ಎಲ್ಲರಿಗೂ ಒಮ್ಮತವಿತ್ತು. ಕ್ಯಾಮೆರಾದ ಜೊತೆಗೇ ಬರುವ ಗಿಡ್ಡ ಲೆನ್ಸ್ ಇದೆಯಲ್ಲ, ಅದು ಬರೀ ಕೊಸರು. ಮಾನವಂತರು ಅದನ್ನು ಮುಟ್ಟುವುದಿಲ್ಲ. ನಾನು ಆವರೆಗೆ ಯಾವ ಲೆನ್ಸನ್ನೂ ಮುಟ್ಟಿರಲಿಲ್ಲವಾದ್ದರಿಂದ ನನ್ನ ಮಾನ ಪರಿಶುದ್ಧವಾಗಿತ್ತು.

ಮಲಗಿದ ಗಿರಾಕಿಗಳ ಪಕ್ಕದಲ್ಲಿ ನಿಂತು ನಾನು ದೂರದೂರಕ್ಕೆ ಹೋಗುತ್ತಿದ್ದೆ. ಕೆರೆಯಾಚೆಯ ದಡದಲ್ಲಿ ಒಂಟಿಕಾಲಲ್ಲಿ ನಿಂತ ಬಿಳಿ ಹಕ್ಕಿ. ಮಂಜಿನಲ್ಲಿ ಕರಗುತ್ತಿರುವ ದೋಣಿ. ಮುಂಜಾವದ ಒದ್ದೆ ಹುಲ್ಲಿನ ಮೇಲೆ ಬೋರಲು ಮಲಗಿ, ಉಸಿರು ಹಿಡಿದು ಕಾಯುತ್ತಿರುವ ನಾನು.

ರಾತ್ರಿ ಮನೆಯಲ್ಲಿ ಇದನ್ನು ಬಣ್ಣಿಸಿದಾಗ, “ಮುಂಜಾವದಲ್ಲಾ?” ಎಂದಳು ಹೆಂಡತಿ. “ಹಾಲಿನವರು ಬಾಗಿಲು ಒಡೆಯೋ ಹಾಗೆ ಬಡಿದ್ರೂ ಏಳಲ್ಲ ನೀವು.”

“ಕಲೆಗೋಸ್ಕರ ಏಳ್ತೀನಿ.”

“ಮೊದಲು ಹಾಲಿಗೋಸ್ಕರ ಏಳಿ.”

ಕ್ಯಾಮೆರಾ ಅಂಗಡಿಯ ಮುದುಕರು ಸಾವಧಾನದ ಮನುಷ್ಯ. ಡಬ್ಬದಲ್ಲಿದ್ದ ಹಣವೆಷ್ಟೆಂದು ಹೇಳಿದೆ. ಅವರು ಗಾಜಿನ ಮೇಲೆ ಎರಡು ಜೋಡಿ ಇಟ್ಟರು. ಒಂದು ಕಡೆ ಕ್ಯಾಮೆರಾ, ಜೊತೆಗೆ ಕೊಸರು. ಇನ್ನೊಂದು ಕಡೆ ಅದೇ ಕ್ಯಾಮೆರಾ, ಜೊತೆಗೆ ಯಾರೋ ಬಳಸಿ ಬಿಟ್ಟ ಹಳೆಯ ಲೆನ್ಸ್. ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ. ಕಪ್ಪಗೆ, ಗಂಭೀರವಾಗಿ, ನಿವೃತ್ತ ಫಿರಂಗಿಯ ಹಾಗಿತ್ತು. ಎರಡಕ್ಕೂ ಬೆಲೆ ಹೆಚ್ಚುಕಡಿಮೆ ಒಂದೇ.

“ಈ ಉದ್ದದ್ದರಲ್ಲಿ ಹತ್ತಿರ-ದೂರ ಮಾಡೋಕಾಗಲ್ಲ, ಫೋಕಸ್ ಕೈಯಲ್ಲೇ ತಿರುಗಿಸ್ಬೇಕು,” ಎಂದರು ಮುದುಕರು. “ನೀವು ಏನು ತೆಗೀಬೇಕು ಅಂತಿದ್ದೀರಿ?”

‘ಹೆಂಡತಿಯನ್ನು’ ಎನ್ನಬೇಕಿತ್ತು. ಆದರೆ ಆ ಫಿರಂಗಿಯ ಮುಂಗಾಜಿನಲ್ಲಿ, ಆಣೆ ಮಾಡಿ ಹೇಳುತ್ತೇನೆ, ಒಂದು ಬಿಳಿ ಹಕ್ಕಿ ಹಾದುಹೋಯಿತು. “ದೂರದ್ದು,” ಎಂದೆ.

“ಭಾನುವಾರದೊಳಗೆ ತಂದ್ರೆ ಬದಲಾಯಿಸಿ ಕೊಡ್ತೀನಿ,” ಎಂದರು ಅವರು ನಿಟ್ಟುಸಿರಿಟ್ಟು. ಹಾಸಿಗೆ ಮಾರುವವನಾಗಿ ಆ ನಿಟ್ಟುಸಿರಿನ ಅರ್ಥ ನನಗೆ ಗೊತ್ತಿರಬೇಕಿತ್ತು.

ಮನೆಯಲ್ಲಿ ಅವಳು ಆಗಲೇ ತಲೆ ಬಾಚಿ, ಮೆಚ್ಚಿನ ನೀಲಿ ಬಟ್ಟೆ ಉಟ್ಟು, ಬಿಳಿ ಗೋಡೆಗೆ ಬೆನ್ನುಕೊಟ್ಟು ನಿಂತಿದ್ದಳು. ನಾನು ಎದುರು ಗೋಡೆಗೆ ಅಂಟಿಕೊಂಡು ಲೆನ್ಸಿನಲ್ಲಿ ನೋಡಿದೆ. ನೀಲಿ ಮಂಜು. ಉಂಗುರ ತಿರುಗಿಸಿದೆ. ಇನ್ನೊಂದು ಬಗೆಯ ನೀಲಿ ಮಂಜು.

“ಸ್ವಲ್ಪ ಹಿಂದೆ ಹೋಗು.”

“ಗೋಡೆ ಇದೆ.”

ಬಾಗಿಲು ತೆರೆದು ಹೊರಗಿನ ಮೊಗಸಾಲೆಗೆ ಹೋದೆ. ಮಂಜು ತಿಳಿಯಾಯಿತು. ನನ್ನ ಧರ್ಮಪತ್ನಿಯ ಮೂಗಿನ ಎಡ ಹೊಳ್ಳೆ ಅತ್ಯಂತ ಸ್ಫುಟವಾಗಿ, ಭವ್ಯವಾಗಿ, ಗುಹೆಯ ಹಾಗೆ ಕಾಣಿಸಿತು. ಇನ್ನೂ ಹಿಂದೆ ಸರಿದೆ. ಮೆಟ್ಟಿಲಿನ ಕಟಕಟೆ ಬೆನ್ನಿಗೆ ತಾಗಿತು. ಹೊಳ್ಳೆಯ ಜೊತೆಗೆ ಅರ್ಧ ಹುಬ್ಬು ಬಂತು.

“ಬಂತಾ?” ಎಂದಳು ಕಣ್ಣು ಮುಚ್ಚಿಕೊಂಡೇ.

“ಬರ್ತಾ ಇದೀಯ, ಕಂತಿನಲ್ಲಿ.”

ಅವಳು ಕಣ್ಣು ತೆರೆದಳು. ಕೊರಳಿನ ಟೇಪು ತೆಗೆದು ಕೋಣೆಯನ್ನು ಈ ಗೋಡೆಯಿಂದ ಆ ಗೋಡೆಗೆ ಅಳೆದಳು. ಆಮೇಲೆ ಲೆನ್ಸಿನ ಮೈಮೇಲೆ, ಇದಕ್ಕಿಂತ ಹತ್ತಿರದ್ದು ಕಾಣಿಸುವುದಿಲ್ಲ ಎಂದು ಸ್ಪಷ್ಟವಾಗಿ ಕೊರೆದಿದ್ದ ಅಂಕಿಯನ್ನು ಓದಿದಳು. ನಾನು ಅದನ್ನು ಅಲಂಕಾರವೆಂದುಕೊಂಡಿದ್ದೆ.

“ನಿಮ್ಮ ಲೆನ್ಸಿಗೆ ನಮ್ಮ ಮನೆ ಒಂದು ಗೇಣು ಕಮ್ಮಿ,” ಎಂದಳು. ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡು, ನನ್ನದೇ ಅಂಗಡಿಯ ವಿನಯದ ದನಿಯಲ್ಲಿ ಕೇಳಿದಳು. “ಕೋಣೆಯ ಅಳತೆ ತಗೊಂಡು ಹೋಗಿದ್ರಾ ಸಾರ್?”

ಅವಳು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಆದರೆ ಅವಳು ನೀಲಿ ಬಟ್ಟೆ ಬದಲಾಯಿಸಿ ಬಂದು, ಯಂತ್ರದ ಮುಂದೆ ಕೂತು ತುಳಿಯತೊಡಗಿದಳು. ಮೋಟಾರಿಲ್ಲದ ಯಂತ್ರದ ಸದ್ದು ಎಷ್ಟು ದೊಡ್ಡದೆಂದು ನನಗೆ ಅಂದು ಗೊತ್ತಾಯಿತು.

“ನಾಳೆ ಭಾನುವಾರ,” ಎಂದಳು ತಲೆಯೆತ್ತದೆ. “ಸಂಜೆಯೊಳಗೆ ನೀವು ನನ್ನದೊಂದು ಫೋಟೊ ತೆಗೀಬೇಕು. ಕಣ್ಣು ತೆರೆದದ್ದು, ಪೂರ್ತಿ ಮುಖದ್ದು. ಆಗ ಈ ಕೊಳವೆ ಇಟ್ಕೊಳ್ಳಿ. ಇಲ್ದಿದ್ರೆ ವಾಪಸ್ಸು.”

ಮರುದಿನ ಇಳಿಹೊತ್ತಿನಲ್ಲಿ ನನಗೆ ಜ್ಞಾನೋದಯವಾಯಿತು. ಮನೆ ಚಿಕ್ಕದಾದರೆ ಮನೆಯಿಂದ ಹೊರಗೆ ಹೋಗಬೇಕು. ಅವಳನ್ನು ಕಿಟಕಿಯ ಬಳಿ ಯಂತ್ರದ ಮುಂದೆ ಕೂರಿಸಿ, “ನಿನ್ನ ಪಾಡಿಗೆ ಹೊಲೀತಿರು,” ಎಂದು ಹೇಳಿ, ಬೀದಿ ದಾಟಿ ಎದುರಿನ ಕಟ್ಟಡದ ಮೆಟ್ಟಿಲು ಹತ್ತಿದೆ. ನಮ್ಮ ಮಹಡಿಗೆ ನೇರವಾಗಿ ಅಲ್ಲೊಂದು ತೆರೆದ ಮೊಗಸಾಲೆ. ಅದರ ಗಿಡ್ಡಗೋಡೆಯ ಮೇಲೆ ಫಿರಂಗಿಯನ್ನು ಊರಿ ಉಂಗುರ ತಿರುಗಿಸಿದೆ.

ಮಂಜು ಸರಿಯಿತು. ಕಿಟಕಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು.

ತುಟಿಗಳ ನಡುವೆ ಎರಡು ಗುಂಡುಸೂಜಿ ಕಚ್ಚಿಕೊಂಡಿದ್ದಳು. ಇಳಿಬಿಸಿಲು ಅವಳ ಒಂದು ಕೆನ್ನೆಗೆ ಬಂದು ಅಲ್ಲೇ ನಿಂತಿತ್ತು. ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳುವಾಗ, ಮಗುವಿಗೆ ದಾರಿ ತೋರಿಸುವವರ ಹಾಗೆ ಅವಳ ಹುಬ್ಬು ಸ್ವಲ್ಪ ಮೇಲೇರುತ್ತಿತ್ತು. ದಾರವನ್ನು ಹಲ್ಲಿನಿಂದ ಕಡಿದು, ಏನನ್ನೋ ನೆನೆದು, ಬೀದಿಯ ಮೇಲಿನ ಆಕಾಶವನ್ನು ನೋಡಿದಳು. ಕಣ್ಣು ತೆರೆದಿತ್ತು. ಇಷ್ಟು ದೊಡ್ಡ ಕಣ್ಣು ಇವಳಿಗಿತ್ತೇ? ದಿನವೂ ಪಕ್ಕದಲ್ಲಿ ಕೂತು ಉಣ್ಣುವ ಇವಳನ್ನು ನಾನು ಇಷ್ಟು ದೂರದಿಂದ ಎಂದೂ ನೋಡಿರಲಿಲ್ಲ. ಇವಳ ಗಂಡ ಯಾರೋ, ಪುಣ್ಯವಂತ ಎನ್ನಿಸಿತು. ಹಕ್ಕಿ, ದೋಣಿ, ಕೆರೆ ಎಲ್ಲ ಎಲ್ಲಿಗೋ ಹೋದವು. ಗುಂಡಿ ಒತ್ತುವುದನ್ನು ಮರೆತು ನಾನು ನೋಡುತ್ತಲೇ ಇದ್ದೆ.

ಆಗ ಯಾರೋ ನನ್ನ ಕೊರಳಪಟ್ಟಿ ಹಿಡಿದರು.

ಆ ಕಟ್ಟಡದ ವಾಚ್‌ಮನ್. ಹೊಟ್ಟೆಯಿರುವ, ನಿಧಾನದ ಮನುಷ್ಯ. ಹಿಡಿತ ಮಾತ್ರ ನಿಧಾನದ್ದಲ್ಲ.

“ಏನ್ ನಡೀತಿದೆ ಇಲ್ಲಿ?”

“ಫೋಟೊ. ಅವಳು ನನ್ನ ಹೆಂಡತಿ.”

“ಸ್ವಂತ ಹೆಂಡ್ತೀನ ಯಾರಯ್ಯಾ ಹಿಂಗೆ ಬಾಯಿಬಿಟ್ಕೊಂಡು ನೋಡ್ತಾರೆ?”

ಅವನು ಒಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡೇ ಬೀದಿಯಾಚೆಗೆ ಕೂಗಿದ. “ಅಕ್ಕಾ, ಇವನು ನಿಮಗೆ ಗೊತ್ತಾ?”

ಅವಳು ಸೂಜಿಗಳನ್ನು ಬಾಯಿಂದ ತೆಗೆದು, ಕಿಟಕಿಯಿಂದ ತುಸು ಬಗ್ಗಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೀದಿಯಲ್ಲಿ ಹೋಗುತ್ತಿದ್ದವರೂ ನಿಂತು ನೋಡಿದರು.

“ಎಲ್ಲೋ ನೋಡಿದ ಹಾಗಿದೆ,” ಎಂದಳು. “ಹಾಲಿನವರನ್ನ ಕೇಳಿ ನೋಡಿ.”

“ಏ, ತಮಾಷೆ ಸಾಕು ಕಣೇ,” ಎಂದು ಕೂಗಿದೆ.

ಅವಳು ನಗಲು ಶುರುಮಾಡಿದಳು. ಮದುವೆಯಾದಾಗಿನಿಂದ ಕಟ್ಟಿಟ್ಟ ನಗೆಯೆಲ್ಲ ಒಟ್ಟಿಗೆ ಬಂದ ಹಾಗೆ. ಇತ್ತ ವಾಚ್‌ಮನ್, ನಾನು ನೋಡುತ್ತಿದ್ದದ್ದು ಏನೆಂದು ತಿಳಿಯಲು, ಗಿಡ್ಡಗೋಡೆಯ ಮೇಲೆ ನಾನು ಊರಿಟ್ಟಿದ್ದ ಕ್ಯಾಮೆರಾಕ್ಕೆ ಕಣ್ಣು ಕೊಟ್ಟ. ಅವನ ದಪ್ಪ ಬೆರಳು ಎಲ್ಲೋ ಒತ್ತಿತು. ಟಕ್.

ಅದೇ ಆ ಫೋಟೊ. ಕಿಟಕಿಯ ಚೌಕಟ್ಟು, ಇಳಿಬಿಸಿಲು, ನಗುತ್ತಿರುವ ಪೂರ್ತಿ ಮುಖ, ಎರಡೂ ಕಣ್ಣು. ಮನೆಗೆ ಬಂದು ಕ್ಯಾಮೆರಾದ ಪರದೆಯಲ್ಲಿ ಅದನ್ನು ತೋರಿಸಿದೆ. ಅವಳು ಬೆರಳಿನಿಂದ ತನ್ನದೇ ಕೆನ್ನೆಯನ್ನು ಮೆಲ್ಲಗೆ ಮುಟ್ಟಿದಳು. ನಾನು ಗಂಟಲು ಸರಿಮಾಡಿಕೊಂಡು, “ಅಂದ್ರೆ ಲೆನ್ಸ್ ಉಳೀತು,” ಎಂದೆ.

“‘ನೀವು ತೆಗೀಬೇಕು’ ಅಂತ ಅಲ್ವಾ ಮಾತಾಗಿದ್ದು? ತೆಗೆದದ್ದು ವಾಚ್‌ಮನ್ ಅಣ್ಣ.”

“ಫೋಕಸ್ ಮಾಡಿದ್ದು ನಾನು.”

“ಹೌದು. ಅವರು ಹೇಳಿದ್ರು, ಬಾಯಿಬಿಟ್ಕೊಂಡು ಮಾಡ್ತಿದ್ರಂತೆ.”

ಆ ಸಂಜೆಯೇ ಮುದುಕರು ಫಿರಂಗಿ ವಾಪಸ್ಸು ತೆಗೆದುಕೊಂಡು ಕೊಸರನ್ನು ಕೊಟ್ಟರು. ಈ ಸಲ ನಿಟ್ಟುಸಿರಿರಲಿಲ್ಲ. ಗಿಡ್ಡ ಲೆನ್ಸಿನಲ್ಲಿ ನಮ್ಮ ಇಡೀ ಕೋಣೆ, ಯಂತ್ರ, ಛತ್ರಿ, ನಾವಿಬ್ಬರೂ ಸಲೀಸಾಗಿ ಹಿಡಿಸಿದೆವು. ಜೋಡಿ ಫೋಟೊ ತೆಗೆಯಲು ಅವಳು ಯಾರನ್ನು ಕರೆದಳೆಂದು ಬೇರೆ ಹೇಳಬೇಕಿಲ್ಲ. ವಾಚ್‌ಮನ್ ಈಗ ನಮ್ಮ ಬೀದಿಯ ಛಾಯಾಗ್ರಾಹಕ. ರಜೆಯ ದಿನಗಳಲ್ಲಿ ಯಾರ ಮನೆಯಲ್ಲಿ ಮಗು ನಡೆಯಲು ಕಲಿತರೂ ಅವನಿಗೆ ಕರೆ ಬರುತ್ತದೆ. ಅವನು ನನ್ನ ಕ್ಯಾಮೆರಾ ಹೊರುತ್ತಾನೆ, ನಾನು ಅದರ ಚೀಲ ಹೊರುತ್ತೇನೆ. ಬಂದದ್ದು ಡಬ್ಬಕ್ಕೆ, ಮೋಟಾರಿನ ಲೆಕ್ಕಕ್ಕೆ ಬೀಳುತ್ತದೆ.

ಆ ಜೋಡಿ ಫೋಟೊದಲ್ಲಿ ಅವಳು ಅವನನ್ನು ನೋಡಿದ್ದೇ ನಗು ಬಂದು, ರೆಪ್ಪೆಗಳ ಷಟರ್ ಎಳೆಯುವುದನ್ನು ಮರೆತಿದ್ದಾಳೆ. ಕಣ್ಣು ಮುಚ್ಚಿರುವುದು ನಾನು.

“ಮೇಡಂ ಚೆನ್ನಾಗಿ ಬಂದಿದ್ದಾರೆ,” ಎಂದ ವಾಚ್‌ಮನ್. “ಸಾರ್ ಸ್ವಲ್ಪ ಎಲ್ಲೋ ಹೋಗಿದ್ದಾರೆ.”

ಹೋದದ್ದು ನಿಜ. ಅವನು ‘ರೆಡಿ’ ಎಂದಾಗ ನಾನು ಎದುರು ಕಟ್ಟಡದ ಮೊಗಸಾಲೆಯಲ್ಲಿದ್ದೆ. ದೂರದ ಕಿಟಕಿಯಲ್ಲಿ ಒಬ್ಬ ಹೆಂಗಸು ದಾರ ಕಡಿದು ಆಕಾಶ ನೋಡುತ್ತಿದ್ದಳು. ಇದನ್ನು ಪಕ್ಕದಲ್ಲಿದ್ದವಳಿಗೆ ಹೇಳೋಣವೆಂದುಕೊಂಡೆ. ಉದ್ದ ಲೆನ್ಸಿಗೆ ಮತ್ತೆ ಅರ್ಜಿ ಹಾಕುತ್ತಿದ್ದೇನೆ ಅಂದುಕೊಂಡಾಳೆಂದು ಸುಮ್ಮನಾದೆ.

ಛತ್ರಿ ಈಗ ಬಾಗಿಲ ಹಿಂದಿದೆ. ಮೊಳೆಯ ಮೇಲೆ ಆ ಜೋಡಿ ಫೋಟೊ ರಾರಾಜಿಸುತ್ತಿದೆ. ಬಂಧುಗಳು ಬಂದವರೇ ಅದರ ಮುಂದೆ ನಿಂತು, “ಇದೇನು, ಇವರು ಕಣ್ಣು ಮುಚ್ಚಿದ್ದಾರಲ್ಲ?” ಎಂದು ಕೇಳುತ್ತಾರೆ.

“ಹಾಸಿಗೆಯಂಗಡಿಯವರಲ್ವಾ,” ಎನ್ನುತ್ತಾಳೆ ಅವಳು, ಯಂತ್ರ ತುಳಿಯುತ್ತ. “ಡ್ಯೂಟಿ ಮೇಲಿದ್ದಾಗ ತೆಗೆದದ್ದು.”