ಮಾಳಮ್ಮನ ಬಲಗೈ, ನನ್ನ ಒಣ ಮಾಲೀಸು

ತಿಕ್ಕೋ ವಿದ್ಯೆ ನನಗ ಯಾರೂ ಕಲಿಸಬೇಕಾಗಿರಲಿಲ್ಲ. ನಮ್ಮಪ್ಪ, ನಮ್ಮಪ್ಪನ ಅಪ್ಪ, ಎಲ್ಲರೂ ಕುರಿ ಕಾಯ್ದವರು. ಚಳಿಗಾಲದಾಗ ಕುರಿ ಈದು, ಮರಿ ಅಲುಗಾಡದಂಗ ಬಿತ್ತಂದ್ರ, ಕಂಬಳಿ ತುಂಡು ತಗೊಂಡು ಗಸಗಸ ತಿಕ್ಕೋದು. ಎಣ್ಣಿ ಇಲ್ಲ, ಗಿಣ್ಣಿ ಇಲ್ಲ. ಸ್ವಲ್ಪ ಹೊತ್ತಿಗೆ ಮರಿ ಕೆಮ್ಮಿ, ಕಾಲು ಝಾಡಿಸಿ ಎದ್ದು ನಿಲ್ಲತಿತ್ತು. ಸಣ್ಣಾಂವ ಇದ್ದಾಗ ನಾನೇ ಇಂಥಾ ಮೂರು ಮರಿ ಎಬ್ಬಿಸೀನಿ. ಈಗ ಮಕ್ತಲದಾಗ ಕಂಬಳಿ ಅಂಗಡಿ ಇಟ್ಟುಕೊಂಡು ಕುಂತೀನಿ, ಆದ್ರೂ ಆ ಹೆಮ್ಮಿ ಎದಿಯಾಗ ಹಂಗೇ ಇತ್ತು. ಆ ಹೆಮ್ಮಿನೇ ನನ್ನ ಹೆಂಡತಿ ಕೈ ಸುಲೀತು.

ನನ್ನ ಹೆಂಡತಿ ಮಾಳಮ್ಮಗ ಲಕ್ವ ಹೊಡೀತು. ಒಂದು ಮುಂಜಾನಿ ರೊಟ್ಟಿ ಬಡಿಯಾಕ ಕುಂತಾಕಿ ಹಿಟ್ಟಿನ ಮ್ಯಾಲೇ ಒರಗಿದಳು. ಜೀವ ಉಳೀತು, ಮಾತು ಉಳೀತು, ಕಾಲು ಎಳಕೊಂಡು ಬಚ್ಚಲತನಕ ಹೋಗೋವಷ್ಟಾತು. ಬಲಗೈ ಮಾತ್ರ ಏಳಲಿಲ್ಲ. ಬೆರಳು ಊದಿ, ಮುಂಗೈ ತಣ್ಣಗಾಗಿ, ಚಿವುಟಿದ್ರೂ ಗೊತ್ತಾಗತಿರಲಿಲ್ಲ. ಮ್ಯಾಲ ಸಕ್ಕರಿ ಕಾಯಿಲೆ ಬ್ಯಾರೆ.

ಆಕಿಗೆ ಒಂದೇ ಚಿಂತಿ. "ಎಡಗೈಲೆ ಉಂಡ್ರ ಗಂಟಲದಾಗ ಇಳಿಯಂಗಿಲ್ಲರಿ. ಬಲಗೈಲೆ ಒಂದು ತುತ್ತು ಉಂಡ್ರ ಸಾಕು ನನಗ" ಅಂತಿದ್ದಳು. ರೊಟ್ಟಿ ಮಾಡೋ ಜವಾಬ್ದಾರಿ ನನ್ನ ಹೆಗಲೇರಿತ್ತು. ನಾನು ಮಾಡಿದ ರೊಟ್ಟಿ ಅಂಗಡ್ಯಾಗ ಇಟ್ಟಿದ್ರ ಕಂಬಳಿ ಅಂತ ಮಾರಬಹುದಿತ್ತು! ಅಂಥಾದ್ದನ್ನ ಎಡಗೈಲೆ ಹರಕೊಂಡು, ಮುಖ ಗ್ವಾಡಿ ಕಡೆ ಮಾಡಿ ಉಣತಿದ್ದಳು. ನನಗ ನೋಡಾಕ ಆಗತಿರಲಿಲ್ಲ.

ನಾರಾಯಣಪೇಟದಾಗ ಒಬ್ಬಾಕಿ ಫಿಜಿಯೋ ಮೇಡಮ್ ಅದಾಳ ಅಂತ ಸುದ್ದಿ ಬಂತು. ಮಾಳಮ್ಮನ್ನ ಕರಕೊಂಡು ಹೋದೆ. ಬಗಲಾಗ ಎಳ್ಳೆಣ್ಣಿ ಬಾಟ್ಲಿ. ಬಾಟ್ಲಿ ನೋಡಿದಾಕಿನೇ ಮೇಡಮ್ "ನೂನೆ ವದ್ದು ಪೆದ್ದಾಯನಾ!" ಅಂದ್ಲು. ತೆಲುಗಿನಾಗ, ಎಣ್ಣಿ ಬ್ಯಾಡ ಹಿರಿಯಾ, ಅಂತ. ಆಮ್ಯಾಲ ನಮ್ಮ ಮಾತಿನಾಗೇ ಬಿಡಿಸಿ ಹೇಳಿದಳು.

"ಎಣ್ಣಿ ಹಚ್ಚಿದ್ರ ನಿಮ್ಮ ಕೈ ಜಾರಿ ಹೋಗತೈತಿ. ಒಣಗೈಲೆ ಸವರಿದ್ರ, ಯಾರೋ ಮುಟ್ಟಾಕತ್ಯಾರ ಅಂತ ಚರ್ಮಕ್ಕ ತಿಳಿತೈತಿ. ಆ ಸುದ್ದಿ ತಲಿಗೆ ಮುಟ್ಟಬೇಕು. ಬೆರಳಿಂದ ಹೆಗಲ ಕಡೆ ಸವರ್ರಿ, ಬಾವು ಇಳಿತೈತಿ. ಮೆಲ್ಲಗ. ಮೆತ್ತನ್ನ ಅರಿವಿ ತಗೋಬಹುದು. ಬೆವರಿಗೆ ಅಂಟಿದ್ರ ಚಿಟಿಕಿ ಪೌಡರ್ ಹಾಕ್ರಿ. ಸಕ್ಕರಿ ಇದ್ದೋರು, ಅದಕ್ಕ ದಿನಾ ಚರ್ಮ ನೋಡ್ರಿ, ಕೆಂಪಾದ್ರ ನಿಲ್ಲಸ್ರಿ. ಇದರ ಸಂಗಟ ಬೆರಳು ಮಡಚಿ ಬಿಚ್ಚೋದು ಮಾಡಸ್ರಿ. ಬರೇ ಮಾಲೀಸಿಗೆ ಕೈ ಏಳಂಗಿಲ್ಲ."

ಆಮ್ಯಾಲ ಮಾಡಿ ತೋರಿಸಿದಳು. ನನಗ ನಗಿ ತಡಿಯಾಕ ಆಗಲಿಲ್ಲ. ಬೆಕ್ಕಿನ ಮರಿ ಸವರಿದಂಗ! ಇಷ್ಟು ಮೆಲ್ಲಗ ತಿಕ್ಕಿದ್ರ ನಮ್ಮ ದೊಡ್ಡ್ಯಾಗ ಒಂದು ಕುರಿಮರಿನೂ ಬದುಕತಿರಲಿಲ್ಲ. "ಸರೇನಮ್ಮಾ" ಅಂತ ತಲಿ ಆಡಿಸಿ ಎದ್ದೆ. ಬಸ್ಸು ಮಕ್ತಲ ಮುಟ್ಟುವಷ್ಟರಲ್ಲಿ, ಸದರಿ ಮೇಡಮ್‌ರವರ ಪದ್ಧತಿಗೆ ನಾನು ಕೆಲವು ಅತ್ಯಗತ್ಯ ಸುಧಾರಣೆಗಳನ್ನು ಮಂಜೂರು ಮಾಡಿಬಿಟ್ಟಿದ್ದೆ.

ಮೆತ್ತನ್ನ ಅರಿವಿ ಯಾಕ? ಕಂಬಳಿ ಅಂಗಡಿ ಇಟ್ಟಾಂವ ಅರಿವಿ ಹುಡಕ್ಯಾಡಬೇಕೇನು? ಪೌಡರ್ ಯಾಕ? ಮನ್ಯಾಗ ಬೀರಪ್ಪನ ಗುಡಿ ಭಂಡಾರ ಚೀಲ ತುಂಬ ಐತಿ. ದೇವರ ಅರಿಷಿಣ ಅದು, ತಿಕ್ಕಿದ್ರ ದೇವರೂ ಒಂದು ಕೈ ಹಾಕತಾನ. ಇನ್ನ "ಮೆಲ್ಲಗ" ಅಂದದ್ದು ಆಕಿ ಸಣ್ಣ ವಯಸ್ಸಿನ ತಪ್ಪು, ಹೋಗಲಿ ಬಿಡು ಅಂತ ಮಾಫ್ ಮಾಡಿದೆ.

ಮರುದಿನ ಮುಂಜಾನಿ ಪಡಸಾಲಿಯಾಗ ಕಾರ್ಯಾರಂಭ. ಮಾಳಮ್ಮನ ಕೈ ನನ್ನ ತೊಡಿ ಮ್ಯಾಲ ಇಟ್ಟುಕೊಂಡು, ಭಂಡಾರ ಉಗ್ಗಿ, ಕಂಬಳಿಲೆ ಗಸಗಸ ಶುರು ಮಾಡಿದೆ.

"ನೋಯ್ತದೇನು?"

"ಇಲ್ಲರಿ."

"ಈಗ?"

"ಏನೂ ಗೊತ್ತಾಗವಲ್ದು."

"ಹಂಗಾದ್ರ ಇನ್ನಾ ಜೋರು ಬೇಕು!"

ಸ್ಪರ್ಶನೇ ಇಲ್ಲದ ಕೈಗೆ ನೋವು ಕೇಳಿಕೊಂತ ತಿಕ್ಕಿದ ಜಾಣ ಈ ಮಕ್ತಲ ಮಂಡಲದಾಗ ನಾನೊಬ್ಬನೇ ಇರಬೇಕು!

ಬಾಜೂ ಮನಿ ಖಾಜಾ, ಆಟೋ ನಡಸಾಂವ, ಸಪ್ಪಳ ಕೇಳಿ ಬಂದು ಬಾಗಿಲದಾಗ ನಿಂತ. "ಅರೆ ಮಲ್ಲಪ್ಪಾ, ಭಾಭಿ ಕೈ ಐತೋ ಅದು, ಹಿತ್ತಾಳಿ ಕೊಡ ಅಲ್ಲ!"

"ನೀ ಆಟೋ ನಡಸು. ವೈದ್ಯದ ಕೆಲಸ ನನಗ ಬಿಡು" ಅಂದೆ. ಅಂವ ಮಾಳಮ್ಮನ ಮುಖ ನೋಡಿದ, ನನ್ನ ಮುಖ ನೋಡಿದ, ಹೋದ.

ಖರೇ ಹೇಳಬೇಕಂದ್ರ, ನಾಕು ದಿನದಾಗ ಬಾವು ಒಂಚೂರು ಇಳೀತು. ಕೈ ಬೆಚ್ಚಗಾತು, ಬಳಿ ಸಡಿಲಾದುವು. ಮಾಳಮ್ಮ ಬಳಿ ತಿರುವಿ ತಿರುವಿ ನೋಡಿ ನಕ್ಕಳು. ಅಲ್ಲಿಗೆ ನಿಂತಿದ್ರ ನಾನು ದೊಡ್ಡ ಮನಷ್ಯಾ ಆಗತಿದ್ದೆ. ಮುಂಜಾನಿ ಅರ್ಧ ತಾಸು ಇದ್ದದ್ದು ಸಂಜಿಗೂ ಅರ್ಧ ತಾಸು ಮಾಡಿದೆ. ಬೆರಳು ಮಡಚಿ ಬಿಚ್ಚೋದಕ್ಕ ಹೊತ್ತೇ ಸಿಗಲಿಲ್ಲ.

ಒಂಬತ್ತನೇ ದಿನ ಕೈ ಬೆಚ್ಚಗಲ್ಲ, ಸುಡಾಕತ್ತಿತ್ತು. "ನೋಡಿದ್ಯಾ, ರಕ್ತ ಓಡಾಕತ್ತೈತಿ!" ಅಂದೆ. ಇಳಿದ ಬಾವು ತಿರುಗಿ ಬಂದಿತ್ತು. ಅದಕ್ಕೂ ನನ್ನಲ್ಲಿ ಉತ್ತರ ಇತ್ತು: ಮಾಂಸ ತುಂಬಾಕತ್ತೈತಿ! ಚರ್ಮ ಕೆಂಪಾಗೈತೇನು ನೋಡಬೇಕಂದ್ರ, ಆ ಕೈ ಮ್ಯಾಲ ಹಳದಿ ಬಿಟ್ಟು ಏನು ಕಾಣತೈತಿ? ದೇವರ ಭಂಡಾರ ತೊಳೀಬಾರದು ಅಂತ ಒಂಬತ್ತು ದಿನ ನೀರು ಮುಟ್ಟಿಸಿರಲಿಲ್ಲ.

ಹತ್ತನೇ ದಿನ ಮಧ್ಯಾಹ್ನ ಮಾಳಮ್ಮಗ ಚಳಿಜ್ವರ ಬಂತು, ಮಾತು ಅಡ್ಡಾದಿಡ್ಡಿ ಆತು. ಕೈ ನಾರಾಕತ್ತಿತ್ತು. ಖಾಜಾ ಓಡಿ ಬಂದು "ಮೊದಲು ತೊಳಿಯೋ ಅದನ್ನ!" ಅಂತ ಬೈದ. ತಂಬಿಗಿ ನೀರು ಹಾಕಿದೆ. ಹಳದಿ ಹರಿದು ಹೋತು. ಅದರ ಸಂಗಟ ಚರ್ಮನೂ ಹೋತು.

ಗದ್ವಾಲಕ್ಕ ಆಟೋ ಓಡಿಸಿದ ಖಾಜಾ. ಜೂರಾಲ ಡ್ಯಾಮಿನ ಕಟ್ಟಿ ಮ್ಯಾಲ ಹೋಗುವಾಗ ಗೇಟಿನಿಂದ ನೀರು ಬಿಟ್ಟಿದ್ರು, ಮಂದಿ ನಿಂತು ಫೋಟೋ ತಗಿಯಾಕತ್ತಿದ್ರು. ಮಾಳಮ್ಮನ ಸುಡೋ ತಲಿ ನನ್ನ ಹೆಗಲ ಮ್ಯಾಲಿತ್ತು. ನಾನು ಅಳಾಕತ್ತಿದ್ದೆ. "ಬೀರಪ್ಪಾ, ಈ ತಪ್ಪು ನಿಂದಲ್ಲ, ನಂದು. ನನ್ನ ಕೈ ತಗೋ, ಆಕಿದು ಬಿಡು" ಅಂದೆ. ಖಾಜಾ ಆಟೋ ಇನ್ನಾ ಜೋರು ಬಿಟ್ಟ.

ದವಾಖಾನ್ಯಾಗ ಡಾಕ್ಟರ್ ಸಾಹೇಬ ಆಕಿ ಬೆರಳು ನೋಡಿದ, ನನ್ನ ಅಂಗೈ ನೋಡಿದ. "ಇಬ್ಬರಿಗೂ ಕಾಮಾಲೆ ಐತೇನು?"

"ಇಲ್ಲ ಸಾರ್, ಅದು ಭಂಡಾರ."

"ಸುಟ್ಟ ಗಾಯನಾ ಇದು?"

"ಇಲ್ಲ ಸಾರ್, ಮಾಲೀಸು."

"ಯಾತರಲೆ ಮಾಡಿದಿ?"

"ಕಂಬಳಿಲೆ."

ಡಾಕ್ಟರ್ ಚಷ್ಮಾ ತಗದು ಮೇಜಿನ ಮ್ಯಾಲ ಇಟ್ಟ. ಬೈದಿದ್ರ ಚಲೋ ಇತ್ತು. "ಇನ್ನೆರಡು ದಿನ ಬಿಟ್ಟು ಬಂದಿದ್ರ ಮೊಣಕೈತನಕ ಕೈ ಕತ್ತರಿಸಿ ತಗೀಬೇಕಾಗತಿತ್ತು. ಈಗೂ ಖಾತ್ರಿ ಹೇಳಂಗಿಲ್ಲ" ಅಂದ. ಕೈ ಎಬ್ಬಿಸಾಕ ಹೊಂಟಾಂವ ಕೈನೇ ಕಳೆದು ಬರೋ ಹಂತಕ್ಕ ಬಂದಿದ್ದೆ.

ಐದು ದಿನ ವಾರ್ಡಿನ ಹೊರಗ ಬಾಕಿನ ಮ್ಯಾಲ ಕುಂತೆ. ಖಾಜಾ ತಂದ ಬುತ್ತಿ ಬಿಚ್ಚಿದ್ರ ಬಲಗೈ ಬಾಯಿಗೆ ಹೋಗತಿರಲಿಲ್ಲ. ಆರನೇ ದಿನ ನರ್ಸಮ್ಮ ಗಾಯ ತೊಳಿಯಾಕ ಒಳಗ ಹೋದಳು. ಒಂದು ಚೀರು ಕೇಳ್ತು.

"ಅಯ್ಯಯ್ಯೋ! ಉರಿ! ಸತ್ತೆನಲ್ಲೋ ಯಪ್ಪಾ!"

ಒಳಗ ಓಡಿದೆ. "ಎಲ್ಲಿ ಉರಿ?"

"ಕೈ! ಕೈ!"

"ಯಾವ ಕೈ?"

"ಇದೇ ಕೈರಿ, ನೀವು ಸುಲಿದಿದ್ದು!"

ಬಲಗೈ! ಗೊತ್ತಾಗಾಕತ್ತಿತ್ತು! "ನರ್ಸಮ್ಮಾ, ಇನ್ನೊಮ್ಮೆ ತೊಳಿ! ಇನ್ನೊಮ್ಮೆ ಚೀರಲಿ!" ಅಂತ ಅಲ್ಲೇ ಕುಣಿದುಬಿಟ್ಟೆ. ನರ್ಸಮ್ಮ ರಟ್ಟಿ ಹಿಡಿದು ಹೊರಗ ದಬ್ಬಿದಳು. ವಾರ್ಡಿನ ಮಂದಿ, ಹೆಂಡತಿಗೆ ಹಿಂಸೆ ಕೊಡೋ ರಾಕ್ಷಸ ಅನ್ನೋಹಂಗ ನೋಡಿದ್ರು. ಸುಳ್ಳು ಅಂತ ಯಾವ ಬಾಯಿಲೆ ಹೇಳಲಿ?

ಅವತ್ತು ಸಂಜಿ ಮಾಳಮ್ಮ ಹತ್ತಿರ ಕರೆದಳು. "ಉರಿ ಇವತ್ತಿಂದಲ್ಲರಿ. ಮನ್ಯಾಗ ಕಡೀ ಎರಡು ದಿನ ಸಣ್ಣಗ ಉರಿಯಾಕತ್ತಿತ್ತು."

"ಮತ್ತ ಕೇಳಿದಾಗ ಇಲ್ಲ ಅಂದ್ಯಲ್ಲ!"

"ನೋಯ್ತದ ಅಂದಿದ್ರ ಬಿಟ್ಟು ಅಂಗಡಿಗೆ ಹೋಗತಿದ್ರಿ. ಮದಿವಿ ಆಗಿ ಮೂವತ್ತು ವರ್ಷ ಆತು. ನನ್ನ ಕೈ ಹಿಡಕೊಂಡು ಅರ್ಧ ತಾಸು ಕುಂತಿದ್ದು ಯಾವತ್ತರ ಐತೇನು?"

ನಾನು ನೆನಪು ಮಾಡಿಕೊಂಡೆ. ಇರಲಿಲ್ಲ. ಮದಿವಿಯಾಗ ಭಟ್ಟರು ಹಿಡಿಸಿದ್ದು ಬಿಟ್ರ, ಆಮ್ಯಾಲ ನಾನಾಗಿ ಹಿಡಿದದ್ದು ಸುಲಿಯಾಕ. ನನಗ ಭಾಳ ನಾಚಿಕಿ ಆತು, ಹೊರಗ ಬಂದು ಮುಖ ತೊಳಕೊಂಡೆ.

ಕೈ ಉಳೀತು. ಆದ್ರ ಗಾಯ ಮಾಗಿದಂಗ ಚರ್ಮ ಬಿಗೀತು. "ಕಿರಿಬೆರಳು, ಉಂಗುರ ಬೆರಳು ಇನ್ನ ಪೂರಾ ಬಿಚ್ಚೋದು ಕಷ್ಟ" ಅಂದ್ಲು ನಾರಾಯಣಪೇಟದ ಮೇಡಮ್. ಉಳಿದದ್ದೆಲ್ಲ ಲಕ್ವ ಮಾಡಿದ್ದು. ಆ ಎರಡು ಬೆರಳು ಮಾತ್ರ ನಾನು ಮಾಡಿದ್ದು.

ಗಾಯ ಪೂರ್ತಿ ಆರಿದ ಮ್ಯಾಲ, ಮೇಡಮ್ ಹೂಂ ಅಂದ ಮ್ಯಾಲ, ಮತ್ತ ದಿನಾ ಅರ್ಧ ತಾಸು ಕುಂದರತೀನಿ. ಬರಿಗೈಲೆ, ಮೆಲ್ಲಗ, ಬೆರಳಿಂದ ಹೆಗಲ ಕಡೆ. ಆಕಿ ನೋವಿಲ್ಲ ಅಂದ್ರ ನಂಬಂಗಿಲ್ಲ, ಬೆಳಕಿಗೆ ಹಿಡಿದು ಚರ್ಮ ನೋಡತೀನಿ. ಆಮ್ಯಾಲ ಬೆರಳು ಮಡಚಿ ಬಿಚ್ಚೋದು. ಆಕಿ ಅಳತಾಳ, ನಾನು ಎಣಿಸತೀನಿ.

ಹೋದ ವಾರ ಮಧ್ಯಾಹ್ನ ಉಣ್ಣಾಕ ಕುಂತಾಗ, ಮಾಳಮ್ಮ ಬಲಗೈ ಮೂರು ಬೆರಳಲೆ ರೊಟ್ಟಿ ತುಂಡು ಒಂದು ಹಿಡಿದಳು. ಎತ್ತಾಕ ಬರಲಿಲ್ಲ. ನಾನು ಮೊಣಕೈಗೆ ಕೈ ಕೊಟ್ಟೆ. ಒಂದು ತುತ್ತಿಗೆ ಇಬ್ಬರು ಆಳು! ಹಂಗೂ ಹಿಂಗೂ ನಡುಗಿಕೊಂತ ತುತ್ತು ಬಾಯಿಗೆ ಮುಟ್ತು. ನನ್ನ ಕಣ್ಣು ತುಂಬಿ ಬಂತು. ಆಕಿ ಅಗಿದಳು. ಇನ್ನೊಂದು ಸಲ ಅಗಿದಳು. ಮುಖ ಸಿಂಡರಿಸಿದಳು.

ಲಗೂನ ಆ ಕೈ ಬೆಳಕಿಗೆ ಹಿಡಿದೆ. "ಯಾಕ? ಕೈ ನೋಯ್ತೇನು?"

"ಕೈ ಅಲ್ಲರಿ" ಅಂದ್ಲು ಮಾಳಮ್ಮ. "ರೊಟ್ಟಿ."