ಬ್ಯಾಂಕಾಕಿನಿಂದ ಸಿಂಗಪುರಕ್ಕೆ, ದ್ವಾದಶಿ ದಿನ

ರಾಯಚೂರಿನ ಬಸ್ ನಿಲ್ದಾಣದ ಎದುರು ನನ್ನದೊಂದು ಟಿಕೆಟ್ ಬುಕಿಂಗ್ ಅಂಗಡಿ. ವಿಮಾನ ಹಾರುವುದು ಎಲ್ಲೋ, ತಲೆನೋವು ಬಂದು ಇಳಿಯುವುದು ಮಾತ್ರ ದಿನಾ ನನ್ನ ಮೇಜಿನ ಮೇಲೆ. ಮಾನ್ವಿಯ ನಿವೃತ್ತ ಗಣಿತ ಮಾಸ್ತರರೂ ಅವರ ಹೆಂಡತಿಯೂ ಒಂದೇ ಪ್ರಯಾಣಕ್ಕೆ ಅದನ್ನು ನಾಲ್ಕು ಸಲ ಇಳಿಸಿದರು. ಹಿರಿಮಗಳು ಬ್ಯಾಂಕಾಕಿನಲ್ಲಿ, ಕಿರಿಯವಳು ಸಿಂಗಪುರದಲ್ಲಿ. ಇಬ್ಬರನ್ನೂ ನೋಡಿ ಬರಬೇಕಿತ್ತು.

ದೂರ

"ಆ ಊರಿಂದ ಈ ಊರಿಗೆ ಎಷ್ಟು ದೂರ ಆಗ್ತದ ಭಾಯಿ?" ಎಂದರು ಮಾಸ್ತರು.

"ಸಾವಿರದ ನಾಲ್ಕುನೂರು ಕಿಲೋಮೀಟರ್ ಆಗಬಹುದ್ರಿ. ವಿಮಾನದಾಗ ಎರಡು ತಾಸು ಇಪ್ಪತ್ತು ನಿಮಿಷ."

ಅಮ್ಮನವರು ಗಂಡನ ಕಡೆ ತಿರುಗಿದರು. "ದೇವದುರ್ಗದ ನನ್ನ ತವರಮನಿಗೆ ಹೋಗ್ಲಿಕ್ಕೂ ಬಸ್ಸಿನಾಗ ಅಷ್ಟೇ ಹೊತ್ತು ಹಿಡೀತದ. ಮೂರು ವರ್ಷದಿಂದ 'ಭಾಳ ದೂರ' ಅಂತ ಹೇಳಿಕೋತ ಬಂದೀರಲ್ಲ?"

ಮಾಸ್ತರು ಗೋಡೆಯ ಮೇಲಿನ ವಿಮಾನದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಏರು

ಬ್ಯಾಂಕಾಕಿನಿಂದ ಸಿಂಗಪುರಕ್ಕೆ ಹೋಗಿಬರುವ ಟಿಕೆಟ್ ಕೈಗಿತ್ತೆ. ಮಾಸ್ತರು ಲೆಕ್ಕಕ್ಕೆ ಇಳಿದರು. "ಹೋಗೋವಾಗ ಮುಂಜಾನೆ ಏಳಕ್ಕ ಬಿಟ್ಟು ಹತ್ತೂ ಇಪ್ಪತ್ತಕ್ಕ ಮುಟ್ಟತದ. ಬರೋವಾಗ ಐದಕ್ಕ ಬಿಟ್ಟು ಆರೂ ಇಪ್ಪತ್ತಕ್ಕ. ದಾರಿ ಒಂದೇ, ಹೊತ್ತು ಬ್ಯಾರೆ. ಹೆಂಗ?"

ಸಿಂಗಪುರದ ಗಡಿಯಾರ ಒಂದು ತಾಸು ಮುಂದಿರುತ್ತದೆ ಎಂದು ನಾನು ಹೇಳುವಷ್ಟರಲ್ಲಿ ಅಮ್ಮನವರೇ ಲೆಕ್ಕ ಬಿಡಿಸಿಬಿಟ್ಟರು. "ಅಷ್ಟೂ ತಿಳೀಲಿಲ್ಲೇನ್ರೀ? ಹೋಗೋವಾಗ ಏರು, ಬರೋವಾಗ ಇಳಿಜಾರು."

ಸೂರ್ಯ

ಮರುದಿನ ಮಾಸ್ತರು ಪಂಚಾಂಗ ಹಿಡಿದು ಒಬ್ಬರೇ ಬಂದರು. ಮುಖ ಬಾಡಿತ್ತು. ನಾನು ಮಾಡಿದ ಸಿಂಗಪುರದ ಟಿಕೆಟ್ ದ್ವಾದಶಿ ದಿನದ್ದು, ಬದಲಿಸುವಂತಿರಲಿಲ್ಲ. ಹಿಂದಿನ ದಿನ ಏಕಾದಶಿಯ ಉಪವಾಸ. ಹನಿ ನೀರೂ ಇಲ್ಲ. ದ್ವಾದಶಿ ಸೂರ್ಯ ಹುಟ್ಟಿದ ಮೇಲೆ, ತಿಥಿ ಮುಗಿಯುವುದರೊಳಗೆ ಪಾರಣೆ ಮಾಡಿ ಉಪವಾಸ ಬಿಡಬೇಕು.

"ನಲವತ್ತು ವರ್ಷದಾಗ ಒಮ್ಮಿನೂ ತಪ್ಪಿಲ್ಲ ಭಾಯಿ. ಸಿಂಗಪುರದಾಗ ಇಳಿಯೂದ್ರಾಗ ದ್ವಾದಶಿ ಮುಗದಿರ್ತದ. ಬಾಟ್ಲಿಯೊಳಗ ತೀರ್ಥ ಒಯ್ತೀನಿ, ಅದನ್ನ ತಗೊಂಡ್ರೂ ಪಾರಣಿ ಆದಂಗ. ಆದ್ರ ಆಕಾಶದಾಗ ಯಾವ ಊರ ಸೂರ್ಯನ್ನ ಲೆಕ್ಕಕ್ಕ ಹಿಡೀಲಿ?"

ನನಗೆ ನಗು ಬರಲಿಲ್ಲ. ರಂಜಾನಿನಲ್ಲಿ ರೈಲು ಹತ್ತಿದ ನಮ್ಮ ಅಮ್ಮಿ, ಯಾವ ಊರಿನ ಹೊತ್ತಿಗೆ ರೋಜಾ ಬಿಡಲಿ ಎಂದು ದಾರಿಯುದ್ದಕ್ಕೂ ಕೇಳಿದ್ದಳು. ವಿಮಾನದವರಿಗೇ ಫೋನ್ ಮಾಡಿ, ಮೇಲೆ ಸೂರ್ಯ ಎಷ್ಟು ಹೊತ್ತಿಗೆ ಹುಟ್ಟುತ್ತಾನೆ ಎಂದು ಕೇಳಿದೆ.

ಫೋನ್ ಎತ್ತಿದ ಹುಡುಗಿ ಬಹಳ ವಿನಯದಿಂದ, "ಕಿಟಕಿ ಪಕ್ಕದ ಸೀಟು ಕೊಡಲೇ ಸರ್?" ಎಂದಳು.

ಪಾರಣೆ

ಅವರು ಊರು ಬಿಟ್ಟ ಮೇಲೆ ನನಗೆ ನೆನಪಾಯಿತು: ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನೀರಿನ ಬಾಟ್ಲಿ ಒಳಗೆ ಬಿಡುವುದಿಲ್ಲ! ಫೋನ್ ಮಾಡಿದರೆ ಹತ್ತಲಿಲ್ಲ. ಮಾಸ್ತರರ ನಲವತ್ತು ವರ್ಷದ ವ್ರತ ನನ್ನಿಂದ ಕೆಟ್ಟಿತಲ್ಲ ಎಂದು ದ್ವಾದಶಿ ಬೆಳಿಗ್ಗೆ ನಾನೂ ಚಹಾ ಮುಟ್ಟಲಿಲ್ಲ.

ಅಂಗಡಿ ತೆಗೆಯುವ ಹೊತ್ತಿಗೆ ಸಿಂಗಪುರದಿಂದ ಅಮ್ಮನವರ ಫೋನ್. "ಬ್ಯಾಂಕಾಕಿನಾಗ ತಪಾಸಣಿಯವ ಬಾಟ್ಲಿ ಹಿಡದು, ಇಲ್ಲೇ ಕುಡೀರಿ, ಇಲ್ಲಂದ್ರ ಚೆಲ್ರಿ ಅಂತ ಕೈ ಮಾಡಿದ. ತೀರ್ಥ ಚೆಲ್ಲೂದು ಹೆಂಗ? ಇವರು ಗಾಜಿನ ಹೊರಗ ನೋಡಿದ್ರು. ಸೂರ್ಯ ಆಗ ಹುಟ್ಟಿದ್ದ! ಅಲ್ಲೇ ಕಣ್ಣು ಮುಚ್ಚಿ ತಗೊಂಡ್ರು. ಪಾರಣಿ ಆತು."

ನನ್ನ ಕಣ್ಣು ತುಂಬಿ ಬಂತು. "ದೇವರು ದೊಡ್ಡವನ್ರಿ ಅಮ್ಮಾವ್ರ," ಎಂದೆ.

"ಆ ಮಾತಿರ್ಲಿ. ನಲವತ್ತು ವರ್ಷ 'ಪಾರಣಿ ಹೊತ್ತಾತು, ಏಳ್ರೀ' ಅಂತ ನಾ ಗಂಟಲು ಹರಕೊಂಡೀನಿ. ಆ ತಪಾಸಣಿಯವ ಬಾಯೇ ತೆರೀಲಿಲ್ಲ, ಬೊಟ್ಟು ತೋರಿಸಿದ ಕೂಡ್ಲೇ ಇವರು ಕುಡದ್ರು. ಎಷ್ಟು ದೂರ ಆದ್ರೂ ಚಿಂತಿಲ್ಲ ಭಾಯಿ, ಅವಗೊಂದು ಮಾನ್ವಿಗೆ ಟಿಕೆಟ್ ಮಾಡ್ರಿ!"