ಮಾವನ ಕಿವಿಗೆ ತಕ್ಕ ಹೆಡರ್

ಎಲ್ಲದಕ್ಕೂ ಮೂಲ ಒಂದು ಕೆಂಪು ದೀಪ. ಕಾರಿನ ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ತೊಗರಿಬೇಳೆಯಷ್ಟಿದ್ದ ಆ ದೀಪ ಕಳೆದ ಚಳಿಗಾಲದಲ್ಲಿ ಒಂದು ದಿನ ಹೊತ್ತಿಕೊಂಡಾಗ ವೆಂಡೆಲ್ ಪ್ರೂಟ್ ಅದನ್ನು ನೋಡಿ ಖುಷಿಪಟ್ಟ. ಇಷ್ಟು ವರ್ಷ ಕೆಟ್ಟಿದ್ದ ದೀಪ ತಾನಾಗಿಯೇ ಸರಿಹೋಯಿತಲ್ಲ ಎಂದುಕೊಂಡ. ಆಯಿಲ್ ಮುಗಿದಿದೆ ಎಂದು ದೀಪ ಬಾಯಿ ಬಡಿದುಕೊಳ್ಳುತ್ತಿದೆ ಎನ್ನುವುದು ಅವನಿಗೆ ಹೊಳೆಯುವಷ್ಟರಲ್ಲಿ ಇಂಜಿನ್ ಕೆಮ್ಮಿ, ನರಳಿ, ನಡುರಸ್ತೆಯಲ್ಲೇ ಪ್ರಾಣ ಬಿಟ್ಟಿತ್ತು.

ಬೇರೆ ಕಾರಾಗಿದ್ದರೆ ಒಂದು ದಿನ ಅತ್ತು ಸುಮ್ಮನಾಗಬಹುದಿತ್ತು. ಇದು ಮಾವ ಕೊಟ್ಟ ಕಾರು, 1969ರ ಷೆವೆಲ್. ಮಾವ ಕ್ಯಾಸಿಮಿರ್, ಫ್ಲಿಂಟ್ ಎಂಬ ಊರಿನ ಕಾರು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಅವರ ಕೈಯಿಂದಲೇ ಹಾದು ಬಂದದ್ದು. ಮದುವೆಯ ದಿನ ಬೀಗದ ಕೈ ಕೊಡುತ್ತಾ ಎಲ್ಲರೆದುರು ಹೇಳಿದ್ದರು: "ನನ್ನ ಕೈಯಿಂದ ಒಳ್ಳೇ ಮಾಲು ಅಂತ ಬಂದಿರೋದು ಎರಡೇ. ಒಂದು ಈ ಕಾರು, ಇನ್ನೊಂದು ನನ್ನ ಮಗಳು. ಎರಡನ್ನೂ ರಿಪೇರಿ ಮಾಡೋಕೆ ಹೋಗ್ಬೇಡ. ಇಂಜಿನ್ ಬದಲಾಯಿಸಿದ್ದು ಗೊತ್ತಾದ್ರೆ ಅವತ್ತೇ ಕಾರು ವಾಪಸ್ ತಗೊಂಡು ಹೋಗ್ತೀನಿ." ನೆಂಟರೆಲ್ಲ ನಕ್ಕರು. ಮಾವ ನಗಲಿಲ್ಲ.

ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ಪತ್ರ ವಿಂಗಡಿಸುವ ವೆಂಡೆಲ್‌ನನ್ನು ಊರಿನಲ್ಲಿ ಯಾರೂ ಎರಡನೆಯ ಸಲ ತಿರುಗಿ ನೋಡುತ್ತಿರಲಿಲ್ಲ. ಆ ಕಾರಿನಲ್ಲಿ ಕೂತಾಗ ಮಾತ್ರ ಸಿಗ್ನಲ್ಲಿನಲ್ಲಿ ಪಕ್ಕದವರು ಗಾಜು ಇಳಿಸಿ "ಭೇಷ್" ಅನ್ನುತ್ತಿದ್ದರು. ಆ ಒಂದು ಮಾತಿಗಾಗಿ ಅವನು ವಾರವೆಲ್ಲ ಕಾಯುತ್ತಿದ್ದ. ಕಾರು ಹೋದರೆ ತಾನು ಬರೀ ವೆಂಡೆಲ್ ಆಗಿ ಉಳಿಯುತ್ತೇನೆ ಎಂಬ ಭಯಕ್ಕೆ ಮಾವನಿಗೆ ಇಂಜಿನ್ನಿನ ಸಾವಿನ ಸುದ್ದಿ ಮುಟ್ಟಿಸಲೇ ಇಲ್ಲ. ಎದುರುಮನೆಯ ಡ್ವೇನ್‌ನ ಗ್ಯಾರೇಜಿನಲ್ಲಿ, ಕದ್ದುಮುಚ್ಚಿ, ಗುದ್ದಿಸಿಕೊಂಡ ಪಿಕಪ್ ಒಂದರ ಹೊಸಕಾಲದ ಇಂಜಿನ್ ತಂದು ಕೂರಿಸಿದ.

ಉಳಿದದ್ದು ಹೆಡರ್ ಒಂದೇ. ಇಂಜಿನ್ನಿನ ಎರಡೂ ಮಗ್ಗುಲಿಗೆ ಕೂತು ಹೊಗೆಯನ್ನು ಸೈಲೆನ್ಸರಿನ ಕಡೆಗೆ ಸಾಗಿಸುವ ಕೊಳವೆಗಳ ಗೊಂಚಲು ಅದು. ಪಿಕಪ್ಪಿನದು ಷೆವೆಲ್ಲಿನ ಹೊಟ್ಟೆಯೊಳಗೆ ಹಿಡಿಸಲಿಲ್ಲ. ಬೇರೆ ಯಾವುದು ಹಾಕಬೇಕು ಎನ್ನುವುದರ ಬಗ್ಗೆ ಇಡೀ ಬೀದಿ ಬೇಸಿಗೆಯುದ್ದಕ್ಕೂ ಚರ್ಚೆ ಮಾಡಿತು. ಚರ್ಚೆ ಮುಗಿಯುವ ಲಕ್ಷಣ ಕಾಣದಿದ್ದಾಗ ಆಗಸ್ಟಿನ ಒಂದು ಶನಿವಾರ ಬೆಳಿಗ್ಗೆ ಫೋನ್ ಬಂತು.

"ಅಪ್ಪ ಬರ್ತಿದಾರೆ," ಎಂದಳು ಹೆಂಡತಿ ಲೋರ್ನಾ, ಫೋನ್ ಇಡುತ್ತಾ. "ಮಧ್ಯಾಹ್ನ ಬಸ್ಸಲ್ಲಿ ಬಂದು ಇಳೀತಾರಂತೆ. ಪೇಟೇಲಿ ಅವರ ಹಳೇ ಕಾರ್ಖಾನೆಯವರೆಲ್ಲ ಸೇರ್ತಾರೆ. ಷೆವೆಲ್ಲಲ್ಲೇ ಕರ್ಕೊಂಡು ಹೋಗ್ಬೇಕಂತೆ."

ವೆಂಡೆಲ್ ಕಾಫಿ ಲೋಟ ಕೆಳಗಿಟ್ಟ. "ಕಾರು ಕೆಟ್ಟಿದೆ ಅಂತ ಹೇಳೋದಲ್ವಾ?"

"ಹೇಳೋಕೆ ಬಿಟ್ರೆ ತಾನೆ? ಅವರ ಪಾಡಿಗೆ ಹೇಳಿ ಇಟ್ಬಿಟ್ರು. ಧೈರ್ಯ ಇದ್ರೆ ನೀನೇ ಹೇಳ್ಕೋ. ಮಧ್ಯೆ ನನ್ನ ಹೆಸರು ಮಾತ್ರ ತರ್ಬೇಡ."

ಧೈರ್ಯ ಇರಲಿಲ್ಲ. ವೆಂಡೆಲ್ ಚಪ್ಪಲಿಯಲ್ಲೇ ರಸ್ತೆ ದಾಟಿ ಡ್ವೇನ್‌ನ ಗ್ಯಾರೇಜಿಗೆ ಓಡಿದ. ವಿಷಯ ಹೇಗೋ ಪಕ್ಕದ ಮನೆಯ ಗಸ್‌ಗೂ ತಿಳಿದು, ಅವನು ಹೆಗಲ ಮೇಲೊಂದು ಗೋಣಿಚೀಲ ಹಾಕಿಕೊಂಡು ಹಿಂದೆಯೇ ಬಂದ. ಗಸ್ ಸೈಲೆನ್ಸರ್ ಅಂಗಡಿ ನಡೆಸಿ ನಿವೃತ್ತನಾದವನು. ಡ್ವೇನ್ ಏನನ್ನೂ ನಡೆಸಿದವನಲ್ಲ, ಆದರೆ ಕಾರು ಎತ್ತುವ ಯಂತ್ರ ಅವನದು.

"ನೋಡು, ಗಿಡ್ಡ ಹೆಡರ್ ತಂದಿದೀನಿ," ಎಂದು ಗಸ್ ಚೀಲ ಸುರಿದ. "ಇಂಜಿನ್‌ಗೆ ಅಂಟ್ಕೊಂಡು ಕೂತ್ಕೊಳ್ಳುತ್ತೆ. ಯಾರ ತಂಟೆಗೂ ಹೋಗಲ್ಲ."

"ಯಾರ ತಂಟೆಗೂ ಹೋಗದೇ ಇರೋಕೆ ಷೆವೆಲ್ ಯಾಕೆ ಬೇಕು, ಸೈಕಲ್ ಸಾಕು," ಎಂದ ಡ್ವೇನ್, ಗೋಡೆಯ ಮೇಲೆ ತೂಗುಹಾಕಿದ್ದ ಉದ್ದನೆಯದನ್ನು ಇಳಿಸುತ್ತಾ. "ಇದನ್ನ ಹಾಕು. ಗುಡುಗುತ್ತೆ."

"ಗುಡುಗುತ್ತೆ, ಸರಿ. ಅಷ್ಟುದ್ದ ಇಳಿಸೋಕೆ ಜಾಗ ಬೇಡ್ವೇನೋ? ಅಲ್ಲಿ ಕೆಳಗೆ ಬೇರೆ ಪಾರ್ಟುಗಳೂ ಸಂಸಾರ ಮಾಡ್ಕೊಂಡಿವೆ."

"ನಿನ್ನ ಬಾಯಲ್ಲಿ ಒಂದು ದಿನಾನಾದ್ರೂ ಒಳ್ಳೇ ಮಾತು ಬರಲಿ, ಗಸ್."

ವೆಂಡೆಲ್ ಇಬ್ಬರ ನಡುವೆ ನಿಂತಿದ್ದ. ಅವನಿಗೆ ಜಾಗದ ಚಿಂತೆ ಇರಲಿಲ್ಲ, ಮಾವನ ಕಿವಿಯ ಚಿಂತೆ. ಕಾರ್ಖಾನೆಯ ಗೇಟಿನಲ್ಲಿ ನಿಂತು, ಹೊರಗೆ ಹೋಗುವ ಕಾರಿನ ಸದ್ದಿನಲ್ಲೇ ಯಾವ ಬೋಲ್ಟು ಸಡಿಲ ಎಂದು ಹೇಳುತ್ತಿದ್ದ ಮನುಷ್ಯ ಅಂತೆ ಅವರು.

"ಹಳೇ ಇಂಜಿನ್ ಥರಾನೇ ಕೇಳ್ಸೋದು ಯಾವ್ದು? ಅದನ್ನ ಹೇಳ್ರಪ್ಪಾ."

ಗಸ್ ತನ್ನ ಗಿಡ್ಡವುಗಳನ್ನು ನೋಡಿಕೊಂಡ. "ಇದರಲ್ಲಿ ಸ್ವಲ್ಪ ಹೊಲಿಗೆ ಮಿಷನ್ ಥರ ಬರುತ್ತೆ," ಎಂದು ಒಪ್ಪಿಕೊಂಡ. "ಆದ್ರೆ ಹೆಡರ್‌ನ ಯಾರಾದ್ರೂ ಕಿವಿ ನೋಡಿ ಆರಿಸ್ತಾರೇನಪ್ಪಾ?"

ವೆಂಡೆಲ್ ಕಿವಿ ನೋಡಿಯೇ ಆರಿಸಿದ. ಉದ್ದನೆಯದೇ ಆಗಲಿ ಎಂದ. ಮೂವರೂ ಕಾರಿನ ಅಡಿ ಮಲಗಿ, ಬೈದಾಡಿ, ಬೆರಳು ಜಜ್ಜಿಕೊಂಡು, ಕೊನೆಗೂ ಬಿಗಿದರು. ಚಾಲೂ ಮಾಡಿದಾಗ ಗ್ಯಾರೇಜಿನ ಕಿಟಕಿಗಳು ನಡುಗಿದವು. ಗಸ್‌ನ ನಾಯಿ ಬೇಲಿ ನುಸುಳಿ ಓಡಿಹೋಯಿತು. ಹಳೆಯ ಇಂಜಿನ್ನೇ ಗೋರಿಯಿಂದ ಎದ್ದು ಬಂದು ಮಾತಾಡಿದಂತಿತ್ತು. ಮೂವರು ದೊಡ್ಡ ಗಂಡಸರು ಆ ಸದ್ದಿಗೆ ಮರುಳಾಗಿ ನಿಂತರೇ ಹೊರತು, ಒಬ್ಬನಾದರೂ ಸ್ಟೀರಿಂಗ್ ಹಿಡಿದು ಒಂದು ಸಲ ಅತ್ತಿತ್ತ ತಿರುಗಿಸಿ ನೋಡಲಿಲ್ಲ.

ಮಾವ ಬಂದರು. ಇಸ್ತ್ರಿ ಮಾಡಿದ ಅಂಗಿ, ಕಾರ್ಖಾನೆಯ ಹಳೆಯ ಟೋಪಿ, ಎಂದಿನ ಗಂಟುಮುಖ. ಮಗಳ ಕೆನ್ನೆಗೆ ಮುತ್ತಿಟ್ಟು, ಅಳಿಯನತ್ತ ಒಮ್ಮೆ ತಲೆಯಾಡಿಸಿ, ಮುಂದಿನ ಸೀಟಿನಲ್ಲಿ ಕೂತರು. ಹೆಡರ್ ನನ್ನದು, ನಾನೂ ಬರುತ್ತೇನೆ ಎಂದು ಡ್ವೇನ್ ಹಿಂದೆ ತೂರಿಕೊಂಡ. ವೆಂಡೆಲ್ ಕೀಲಿ ತಿರುಗಿಸಿ ಮಾವನ ಮುಖ ನೋಡಿದ. ಇಂಜಿನ್ ಗುಡುಗಿತು. ಮಾವ ಸೀಟಿನಲ್ಲಿ ಸ್ವಲ್ಪ ಅಲುಗಾಡಿ ಸರಿಯಾಗಿ ಕೂತರು, ಅಷ್ಟೆ.

"ಹೊರಡು."

ಬದುಕಿದೆ ಎಂದುಕೊಂಡ ವೆಂಡೆಲ್. ಆ ಸಮಾಧಾನ ಚರ್ಚಿನ ಮೂಲೆಯವರೆಗೆ ಇತ್ತು. ಅಲ್ಲಿ ಎಡಕ್ಕೆ ತಿರುಗಬೇಕಿತ್ತು. ಸ್ಟೀರಿಂಗ್ ಒಂದು ಕೂದಲೆಳೆಯಷ್ಟು ತಿರುಗಿ, ಕೆಳಗೆಲ್ಲೋ ಟಣ್ ಎಂದು ನಿಂತುಬಿಟ್ಟಿತು. ಕಾರು ಯಾರ ಹಂಗೂ ಇಲ್ಲದೆ ನೆಟ್ಟಗೆ ಹೋಯಿತು.

"ತಿರುಗ್ತಿಲ್ಲ," ಎಂದ ವೆಂಡೆಲ್, ತುಟಿ ಅಲುಗಿಸದೆ.

ಡ್ವೇನ್ ಹಿಂದಿನಿಂದ ಕತ್ತು ಚಾಚಿದ. "ಏನು ತಿರುಗ್ತಿಲ್ಲ?"

"ಎಡಕ್ಕೆ. ನಿನ್ನ ಹೆಡರ್ ಸ್ಟೀರಿಂಗಿನ ಸರಳಿಗೆ ಅಡ್ಡ ಬರ್ತಿದೆ."

"ಬಲಕ್ಕೆ?"

ವೆಂಡೆಲ್ ತಿರುಗಿಸಿ ನೋಡಿದ. ಬಲಕ್ಕೆ ಬೆಣ್ಣೆಯಂತೆ ತಿರುಗಿತು.

"ಮತ್ತೇನು, ಬಲಕ್ಕೇ ಹೋಗು. ಮೂರು ಸಲ ಬಲಕ್ಕೆ ತಿರುಗಿದ್ರೆ ಒಂದು ಎಡ ಆಗುತ್ತೆ. ಉಸಿರು ಬಿಡ್ಬೇಡ."

ಹೀಗೆ ಪಯಣ ಸಾಗಿತು. ಒಂದು ಎಡಕ್ಕೆ ಮೂರು ಬಲ. ವೆಂಡೆಲ್‌ನ ಅಂಗಿ ಬೆನ್ನಿಗೆ ಅಂಟಿತು. ಎದುರಿಗೆ ಬಸ್ಸು ಬಂದಾಗಲೆಲ್ಲ ಅವನಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಅದೇ ದಂತವೈದ್ಯರ ಬೋರ್ಡು ಎರಡನೆಯ ಸಲ ಕಂಡಾಗ ಮಾವ ಅವನ ಕಡೆ ತಿರುಗಿದರು.

"ಏನಯ್ಯಾ ಅಳಿಯಂದ್ರೇ, ಪೇಟೆ ಆ ಕಡೆ ಅಲ್ವೇನು?"

"ಹೌದು ಮಾವ. ಇಷ್ಟು ದಿನ ಆದ್ಮೇಲೆ ಬಂದಿದೀರಲ್ಲ, ಕಾರನ್ನ ಊರೋರೆಲ್ಲ ನೋಡ್ಲಿ ಅಂತ."

ಮಾವ ಅವನ ಮುಖವನ್ನೇ ಸ್ವಲ್ಪ ಹೊತ್ತು ದಿಟ್ಟಿಸಿದರು. ಆಮೇಲೆ ಗಾಜು ಇಳಿಸಿ ಮೊಣಕೈ ಹೊರಗಿಟ್ಟುಕೊಂಡರು.

ಪೇಟೆಯಲ್ಲಿ ಅಂದು ವರ್ಷಕ್ಕೊಮ್ಮೆ ನಡೆಯುವ ಹಳೇ ಕಾರುಗಳ ಮೆರವಣಿಗೆ. ಕಿತ್ತಳೆ ಅಂಗಿಯ ಹೆಂಗಸೊಬ್ಬಳು, ನೋಡಲು ಬಂದವರು ಗಾಡಿ ನಿಲ್ಲಿಸುವ ಜಾಗ ಎಡಕ್ಕಿದೆ ಎಂದು ಕೈ ತೋರಿಸಿದಳು. ವೆಂಡೆಲ್ ಅವಳಿಗೆ ಕೈ ಮುಗಿಯುವಂತೆ ನೋಡಿ ಬಲಕ್ಕೆ ತಿರುಗಿದ. ನೇರ ಮೆರವಣಿಗೆಯೊಳಗೇ ಹೋಗಿ ಸೇರಿಕೊಂಡ.

ಇಟ್ಟಿಗೆ ಹಾಸಿನ ಬೀದಿಯ ಎರಡೂ ಬದಿ ಜನ. ಕೋನಿ ಅಂಗಡಿಯ ಮುಂದೆ, ಕೋನಿ ಎನ್ನುವ, ಕೈಮಾ ಸಾರು ಸುರಿದ ಸಾಸೇಜ್ ಬನ್ನನ್ನು ಕೈಯಲ್ಲಿ ಹಿಡಿದ ಮುದುಕರ ದಂಡೊಂದು, "ಲೋ ಕ್ಯಾಸ್, ಇನ್ನೂ ಬದುಕಿದೀಯೇನೋ," ಎಂದು ಕೂಗಿತು. ಮಾವ ಟೋಪಿ ತೆಗೆದು ಬೀಸಿದರು. ಅವರ ಹಲ್ಲು ಹೇಗಿವೆ ಎಂದು ವೆಂಡೆಲ್ ನೋಡಿದ್ದು ಅಂದೇ ಮೊದಲು. ಒಂದು ಗಳಿಗೆ ಅವನ ಎದೆಯೂ ಉಬ್ಬಿತು.

ಮೆರವಣಿಗೆಯ ತುದಿಯಲ್ಲಿ ಒಂದು ತಿರುವು. ಈ ದರಿದ್ರ ತಿರುವು ಬಲಕ್ಕೇ ಇರಬೇಕೇ? ಕಾರು ಆನಂದದಿಂದ ತಿರುಗಿ ಮೈದಾನಕ್ಕೆ ನುಗ್ಗಿತು. ಅಲ್ಲಿ ಸಾಲಾಗಿ ನಿಂತ ಕಾರುಗಳ ಬಾನೆಟ್‌ಗಳೆಲ್ಲ ಬಾಯಿ ತೆರೆದಿದ್ದವು. ಇಂಜಿನ್ ತೋರಿಸದೆ ಆ ಮೈದಾನದಲ್ಲಿ ಯಾರೂ ಕಾರು ನಿಲ್ಲಿಸುವಂತಿಲ್ಲ.

"ಬಾನೆಟ್ ಎತ್ತಿ ಸ್ವಾಮಿ," ಎಂದ ಅಲ್ಲಿದ್ದವನೊಬ್ಬ.

"ಕೊಂಡಿ ತುಕ್ಕು ಹಿಡಿದು ಕೂತಿದೆ," ಎಂದ ವೆಂಡೆಲ್. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ.

ಕೋನಿ ಅಂಗಡಿಯ ಮುದುಕರೆಲ್ಲ ಅಷ್ಟರಲ್ಲಿ ಹಿಂದೆಯೇ ಬಂದಿದ್ದರು. ಮಾವ ನಿಧಾನವಾಗಿ ಇಳಿದು ಮುಂದೆ ಹೋದರು, ಬಾನೆಟ್ಟಿನ ಅಂಚಿನಡಿ ಎರಡು ಬೆರಳು ತೂರಿಸಿದರು. ಸಾವಿರಾರು ಕಾರುಗಳಲ್ಲಿ ಮಾಡಿದ ಕೆಲಸ, ಬೆರಳು ಮರೆತಿರಲಿಲ್ಲ. ಬಾನೆಟ್ ಎದ್ದಿತು. ಒಳಗೆ, 1969ರ ಒಡಲಲ್ಲಿ, ಪ್ಲಾಸ್ಟಿಕ್ ಮುಚ್ಚಳ ಹೊದ್ದ ಪಿಕಪ್ಪಿನ ಇಂಜಿನ್ ಕೂತಿತ್ತು.

ವೆಂಡೆಲ್ ಇಂಜಿನ್ ಆರಿಸಿ ಕೆಳಗಿಳಿದ. ಡ್ವೇನ್ ಯಾರೋ ಅಪರಿಚಿತನಂತೆ ಪಕ್ಕದ ಕಾರಿನ ಚಕ್ರ ನೋಡುತ್ತಾ ನಿಂತ.

"ಮಾವ," ಎಂದ ವೆಂಡೆಲ್. "ತಪ್ಪಾಯ್ತು. ಆಯಿಲ್ ನೋಡ್ಲಿಲ್ಲ, ಹಳೇದು ಸತ್ತು ಹೋಯ್ತು. ಹೇಳೋಕೆ ಭಯ ಆಯ್ತು."

"ಮನೆ ಹತ್ರ ಕೂತಾಗ್ಲೇ ಗೊತ್ತಾಯ್ತು."

"ಸದ್ದು ಕೇಳಿನಾ?"

"ಸದ್ದಾ? ನನ್ನ ಕಿವಿ ಹೋಗಿ ಎಷ್ಟು ವರ್ಷ ಆಯ್ತೋ. ನೀವು ಆಡೋದೆಲ್ಲ ತುಟಿ ನೋಡಿ ತಿಳ್ಕೊಳೋದು. ಲೋರ್ನಾಗೆ ಹೇಳ್ಬೇಡ, ಸುಮ್ನೆ ಡಾಕ್ಟರ ಹತ್ರ ಎಳ್ಕೊಂಡು ಹೋಗ್ತಾಳೆ. ಕೂತ ಜಾಗ ಹೇಳ್ತು ಕಣಯ್ಯಾ. ಹಳೇದು ಬೆನ್ನು ಮುರೀತಿತ್ತು. ಚಳೀಲಿ ಅದು ಚಾಲೂ ಆಗ್ಬೇಕಾದ್ರೆ ದಮ್ಮಯ್ಯ ಗುಡ್ಡೆ ಹಾಕ್ಬೇಕಿತ್ತು. ಇದು ಹಾಸಿಗೆ ಮೇಲೆ ಮಲಗಿಸ್ಕೊಂಡು ಬಂದ ಹಾಗೆ ಬಂತು."

"ಹಾಗಾದ್ರೆ ಕೋಪ ಇಲ್ವಾ?"

"ಒಳ್ಳೇ ಕೆಲ್ಸಕ್ಕೆ ಯಾಕಯ್ಯಾ ಕೋಪ?" ಮಾವ ಒಂದು ಹೆಜ್ಜೆ ಹತ್ತಿರ ಬಂದರು. "ಇನ್ನೇನಾದ್ರೂ ಮುಚ್ಚಿಟ್ಟಿದ್ರೆ ಈಗ್ಲೇ ಹೇಳಿಬಿಡು. ಇನ್ನೊಂದು ಸುಳ್ಳು ಆಮೇಲೆ ಗೊತ್ತಾದ್ರೆ ನಾನು ಮನುಷ್ಯ ಅಲ್ಲ."

ಸ್ಟೀರಿಂಗಿನ ವಿಷಯ ಹೇಳುವುದಿದ್ದರೆ ಅದೇ ಸಮಯ. ಆದರೆ ಈಗಷ್ಟೇ ಸಿಕ್ಕ ಪ್ರಾಣವನ್ನು ಮತ್ತೆ ಪಣಕ್ಕಿಡುವ ಎದೆಗಾರಿಕೆ ವೆಂಡೆಲ್‌ಗೆ ಎಲ್ಲಿಂದ ಬರಬೇಕು? ನಾಳೆ ಬೆಳಿಗ್ಗೆ ಗಿಡ್ಡ ಹೆಡರ್ ಹಾಕಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದು ಲೆಕ್ಕ ಹಾಕಿದ.

"ಇಲ್ಲ ಮಾವ. ಇಷ್ಟೆ."

"ಸರಿ. ಬೀಗದ ಕೈ ಕೊಡು."

"ಯಾಕೆ ಮಾವ?"

"ಇಂಜಿನ್ ಬದಲಾಯಿಸಿದ್ರೆ ಕಾರು ವಾಪಸ್ ಅಂತ ಹೇಳಿರ್ಲಿಲ್ವಾ? ಮಾತು ಅಂದ್ರೆ ಮಾತು. ಹಳೇ ಇಂಜಿನ್ ಇದ್ದಿದ್ರೆ ಕಣ್ಣೆತ್ತೀನೂ ನೋಡ್ತಿರ್ಲಿಲ್ಲ, ಈ ವಯಸ್ಸಲ್ಲಿ ಯಾರಿಗೆ ಬೇಕು ಆ ಬೆನ್ನುನೋವು. ಈಗ ನನಗೆ ಹೇಳಿ ಮಾಡಿಸಿದ ಹಾಗಿದೆ. ನೀವು ಬಸ್ಸಲ್ಲಿ ಹೋಗಿ."

ಮುದುಕರು ಚಪ್ಪಾಳೆ ತಟ್ಟಿದರು. ವೆಂಡೆಲ್‌ನ ಕೈಯಿಂದ ಬೀಗದ ಕೈ ಹೇಗೆ ಹೋಯಿತೋ ಅವನಿಗೇ ತಿಳಿಯಲಿಲ್ಲ. ಅಷ್ಟು ತಿಂಗಳ ಬೆವರು ಅವನ ಕಣ್ಣೆದುರೇ ಗುಡುಗುತ್ತಾ ಹೊರಟಿತು. ಆಗ ನೆನಪಾಯಿತು, ಮಾವನ ಮನೆಗೆ ಹೋಗಲು ಮೈದಾನದ ಗೇಟಿನಲ್ಲೇ ಎಡಕ್ಕೆ ತಿರುಗಬೇಕು.

"ಮಾವ, ನಿಲ್ಲಿಸಿ. ಅದು ಎಡಕ್ಕೆ ತಿರುಗಲ್ಲ," ಎಂದು ಕೂಗುತ್ತಾ ಓಡಿದ. ಬೆನ್ನ ಹಿಂದೆ ಬಂದವನ ತುಟಿ ಯಾರಿಗೆ ಕಾಣುತ್ತದೆ? ಮಾವ ನೇರ ಹೋಗಿ, ಬೇರೆ ದಾರಿಯಿಲ್ಲದೆ ಬಲಕ್ಕೆ ತಿರುಗಿ, ಮತ್ತೆ ಮೆರವಣಿಗೆ ಸೇರಿಕೊಂಡರು.

ಸ್ವಲ್ಪ ಹೊತ್ತಿಗೆ ಬೀದಿ ಸುತ್ತಿ ಬಂದರು. ಜನರತ್ತ ಟೋಪಿ ಬೀಸಿದರು. ಗೇಟಿನ ಹತ್ತಿರ ಕಾರಿನ ವೇಗ ತಗ್ಗಿತು, ಟಣ್ ಎಂದಿತು, ಮತ್ತೆ ಬಲಕ್ಕೆ ಹೋಯಿತು.

"ಮುದುಕನಿಗೆ ಎಷ್ಟು ಖುಷಿ ನೋಡು," ಎಂದಳು ಕಿತ್ತಳೆ ಅಂಗಿಯವಳು.

ಎರಡನೆಯ ಸುತ್ತಿನಲ್ಲಿ ಟೋಪಿ ಬೀಸಲಿಲ್ಲ. ಎರಡೂ ಕೈ ಸ್ಟೀರಿಂಗಿನ ಮೇಲಿದ್ದವು, ಕತ್ತಿನ ನರ ಉಬ್ಬಿತ್ತು. ಮೂರನೆಯ ಸುತ್ತಿನಲ್ಲಿ ಅವರು ರಸ್ತೆ ನೋಡುತ್ತಿರಲಿಲ್ಲ, ವೆಂಡೆಲ್‌ನನ್ನು ನೋಡುತ್ತಿದ್ದರು. ಡ್ವೇನ್ ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಮಾಯವಾದ.

ಕಾರು ವೆಂಡೆಲ್‌ನ ಮುಂದೆ ಬಂದು ನಿಂತಿತು. ಮಾವ ಇಂಜಿನ್ ಆರಿಸಲಿಲ್ಲ.

"ನಿಮ್ಮನೆಗೆ ಇಲ್ಲಿಂದ ಬರೀ ಬಲಕ್ಕೆ ಹೋದ್ರೆ ಸಾಕು, ಅಲ್ವಾ?"

"ಹೌದು ಮಾವ."

"ಲೋರ್ನಾಗೆ ಫೋನ್ ಮಾಡಿ ಮಹಡಿ ಕೋಣೇಲಿ ನನಗೆ ಹಾಸಿಗೆ ಹಾಸೋಕೆ ಹೇಳು. ಇದು ಎಡಕ್ಕೆ ತಿರುಗೋವರ್ಗೂ ಅಲ್ಲೇ ಇರ್ತೀನಿ. ಗ್ಯಾರೇಜಲ್ಲಿ ಕುರ್ಚಿ ಹಾಕ್ಕೊಂಡು, ನೀನು ಒಂದೊಂದು ಬೋಲ್ಟ್ ಬಿಚ್ಚೋದನ್ನೂ ನೋಡ್ತೀನಿ. ಅದು ಸರಿ ಹೋದ ದಿನ ಕಾರು ತಗೊಂಡು ಹೋಗ್ತೀನಿ."

ವೆಂಡೆಲ್ ಮುಂದಿನ ಬಾಗಿಲಿಗೆ ಕೈ ಹಾಕಿದ.

"ಹಿಂದೆ," ಎಂದರು ಮಾವ.

ವೆಂಡೆಲ್ ಮುಂದಿನ ಸೀಟು ಬಗ್ಗಿಸಿ ಹಿಂದಕ್ಕೆ ತೂರಿಕೊಂಡು, ಮನೆಗೆ ಫೋನ್ ಮಾಡಿದ.